ಕೊಳವೆಬಾವಿಗೆ ರೋಟಾಮೀಟರು ಹಾಕಿಸಿದ್ದು

ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದ್ದರೆ ನನಗೆ ಕೊಟ್ಟ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಮನೆಯ ಯಜಮಾನರು ತಮ್ಮ ಮಂಡಿನೋವಿನ ಪೂರ್ವೋತ್ತರಗಳನ್ನು ಸವಿಸ್ತಾರವಾಗಿ ನಿರೂಪಿಸುತ್ತಿರುವಾಗ ನಾನು ಸಹಾನುಭೂತಿಯಿಂದ ತಲೆದೂಗುತ್ತಲೇ, ಎದ್ದು ಹೋಗಿ ಅದನ್ನು ನೆಟ್ಟಗೆ ಮಾಡುವುದಕ್ಕೊಂದು ಮರ್ಯಾದೆಯ ನೆಪವನ್ನು ಹುಡುಕುತ್ತಿರುತ್ತೇನೆ. ಇದು ವೃತ್ತಿಯಿಂದ ಬಂದ ಕಾಯಿಲೆ ಎಂಬುದು ನನ್ನ ವಾದ. ನನ್ನ ಹೆಂಡತಿ ಇದಕ್ಕೆ ಇನ್ನೂ ಚಿಕ್ಕದಾದ, ಆದರೆ ಅಚ್ಚಿನಲ್ಲಿ ಬರಬಾರದ ಹೆಸರೊಂದನ್ನು ಇಟ್ಟಿದ್ದಾಳೆ.

ನಿವೃತ್ತನಾಗುವವರೆಗೂ ನಾನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಮೀಟರುಗಳ ಆರೈಕೆ ಮಾಡುತ್ತಿದ್ದವನು. ಅಲ್ಲಿದ್ದ ನಾನಾ ಜಾತಿಯ ಮೀಟರುಗಳಲ್ಲಿ ನನ್ನ ಪ್ರೀತಿಗೆ ಪಾತ್ರವಾಗಿದ್ದದ್ದು ರೋಟಾಮೀಟರು. ಇದನ್ನು ಕಾಣದ ಓದುಗರಿದ್ದರೆ ಹೀಗೆ ಊಹಿಸಿಕೊಳ್ಳಿ: ನೆಟ್ಟಗೆ ನಿಂತ ಒಂದು ಪಾರದರ್ಶಕ ಕೊಳವೆ, ಕೆಳಗೆ ಕಿರಿದು, ಮೇಲೆ ಹೋದಂತೆ ತುಸುತುಸುವೇ ಅಗಲ, ಒಳಗೆ ಬುಗುರಿಯಂಥ ಒಂದು ಲೋಹದ ತುಂಡು. ಕೆಳಗಿನಿಂದ ನೀರು ನುಗ್ಗಿದಾಗ ಬುಗುರಿ ಮೇಲೇಳುತ್ತದೆ. ಮೇಲೆ ಹೋದಷ್ಟೂ ಅದರ ಸುತ್ತಲಿನ ಜಾಗ ಹಿಗ್ಗಿ, ನೀರಿನ ತಳ್ಳಾಟ ತಗ್ಗಿ, ಕೊನೆಗೆ ತನ್ನ ತೂಕಕ್ಕೂ ನೀರಿನ ರಭಸಕ್ಕೂ ರಾಜಿಯಾದ ಕಡೆ ನಿಂತುಬಿಡುತ್ತದೆ. ಅದು ನಿಂತ ಗೆರೆಯೇ ಹರಿವಿನ ಅಳತೆ. ಇದಕ್ಕೆ ವಿದ್ಯುತ್ತು ಬೇಡ, ಕಂಪ್ಯೂಟರು ಬೇಡ. ಕೊಳವೆ ಲಂಬವಾಗಿರಬೇಕು, ಓದುವವನು ತನ್ನ ಕಣ್ಣನ್ನು ಬುಗುರಿಯ ಭುಜದ ಮಟ್ಟಕ್ಕೆ ಇಳಿಸಬೇಕು, ಅಷ್ಟೇ ಅದು ಬಯಸುವ ಶಿಷ್ಟಾಚಾರ. ನಿಂತಲ್ಲಿಂದಲೇ ಓದುವ ದೊಡ್ಡ ಮನುಷ್ಯರಿಗೆ ಅದು ನಿರ್ಭಿಡೆಯಿಂದ ಸುಳ್ಳು ಹೇಳುತ್ತದೆ. ನಮ್ಮ ಅಧಿಕಾರಿಗಳನ್ನೆಲ್ಲ ಅದರ ಮುಂದೆ ಮಂಡಿಯೂರಿಸಿದ ಸಂತೋಷವನ್ನೇ ನಾನು ನನಗೆ ಸಿಗದ ಬಡ್ತಿಯ ಲೆಕ್ಕಕ್ಕೆ ಹಾಕಿಕೊಂಡಿದ್ದೇನೆ.

ಇಂಥ ವಿದ್ಯೆಯನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ನಾನು ಅದನ್ನು ಹೆಮ್ಮರಗಾಲಕ್ಕೆ ಕೊಂಡೊಯ್ದೆ.

ಹೆಮ್ಮರಗಾಲ ನನ್ನ ಅಕ್ಕನನ್ನು ಕೊಟ್ಟ ಊರು. ಭಾವ ಶಿವಣ್ಣನವರಿಗೂ ಅವರ ತಮ್ಮ ಸಿದ್ದರಾಜುವಿಗೂ ಹೊಲ ಭಾಗವಾಯಿತು, ಮನೆ ಭಾಗವಾಯಿತು, ಕೊಟ್ಟಿಗೆಯ ನಡುವೆಯೂ ಗೋಡೆ ಎದ್ದಿತು. ಕೊಳವೆಬಾವಿಯನ್ನು ಸೀಳುವ ಗರಗಸ ಮಾತ್ರ ಯಾರಲ್ಲೂ ಇರಲಿಲ್ಲ. ಆದ್ದರಿಂದ ಒಂದೇ ಮೋಟಾರು, ಮೇಲೆ ಬಂದ ಪೈಪಿಗೆ ಎರಡು ಕವಲು, ಒಂದು ಅಣ್ಣನ ಬಾಳೆಗೆ, ಇನ್ನೊಂದು ತಮ್ಮನ ಅರಿಸಿನಕ್ಕೆ. ಒಂದೊಂದಕ್ಕೆ ಒಂದೊಂದು ವಾಲ್ವು. ತ್ರೀಫೇಸ್ ಕರೆಂಟು ಬಂದೊಡನೆ ಇಬ್ಬರೂ ಅಲ್ಲಿ ಹಾಜರಾಗುತ್ತಿದ್ದರು, ಏಕೆಂದರೆ ಒಬ್ಬನಿಲ್ಲದಾಗ ಇನ್ನೊಬ್ಬ ತನ್ನ ವಾಲ್ವನ್ನು ಇನ್ನಷ್ಟು ತಿರುವಿಯಾನೆಂಬ ಅನುಮಾನ ಇಬ್ಬರಿಗೂ ಸಮಪಾಲಾಗಿ ಹಂಚಿಹೋಗಿತ್ತು.

"ನಿನ್ ಕಡೀಕೇ ಜಾಸ್ತಿ ಓಯ್ತಾ ಅದೆ ಕಣ್ಲಾ," ಎಂದು ಭಾವ ಶುರುಮಾಡುವರು.

"ಇಲ್ಲ ಕಣಣ್ಣ, ನಿಂಗೆ ಬಾಳೆ ಮರೇಲಿ ಕಾಣಾಕಿಲ್ಲ ಅಷ್ಟೆ," ಎಂದು ಸಿದ್ದರಾಜು ಸಮಜಾಯಿಷಿ ಕೊಡುವನು.

ಈ ವ್ಯಾಜ್ಯಕ್ಕೆ ಪುರಾವೆಯೂ ಇರಲಿಲ್ಲ, ಹಾಗಾಗಿ ತೀರ್ಪೂ ಇರಲಿಲ್ಲ. ಅದು ನೀರಿನಿಂದ ಹೊರಟು, ಗಬ್ಬವಾದ ಹಸುವಿನ ಕಡೆಗೆ ತಿರುಗಿ, ತೀರಿಕೊಂಡ ತಾಯಿ ಯಾರನ್ನು ಹೆಚ್ಚು ಮುದ್ದು ಮಾಡಿದಳೆಂಬಲ್ಲಿ ಬಿಸಿಯೇರಿ, ಸಿದ್ದರಾಜುವಿನ ಮಗಳು ಪವಿತ್ರಳನ್ನು ನೋಡಿಹೋದ ಗಂಡುಗಳ ಗುಣದೋಷ ವಿಮರ್ಶೆಯಲ್ಲಿ ತಣ್ಣಗಾಗುತ್ತಿತ್ತು. ಅಷ್ಟರಲ್ಲಿ ಎರಡು ಕಡೆಯ ಪಾತಿಗಳೂ ತುಂಬಿರುತ್ತಿದ್ದವು. ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಕೊಲೆಯೇ ನಡೆಯುತ್ತಿದೆ ಅನ್ನಿಸುವಷ್ಟು ದೊಡ್ಡ ಗಂಟಲು ಇಬ್ಬರದೂ.

"ಇವ್ರಿಬ್ರ ಬಾಯಿ ಕೇಳಿ ಕೇಳಿ ತಲೆ ಸಿಡೀತದೆ ಕಣೋ. ನಿಮ್ ಫ್ಯಾಕ್ಟ್ರೀಲಿ ಇದ್ಕೊಂದು ಮಿಷಿನ್ ಇಲ್ವಾ?" ಎಂದು ಅಕ್ಕ ಒಮ್ಮೆ ರಾಗಿ ಕೇರುತ್ತಾ ಕೇಳಿದಳು. ಉತ್ತರ ಬಯಸಿ ಕೇಳಿದ ಪ್ರಶ್ನೆ ಅದಲ್ಲ, ಬೇಸರಕ್ಕೆ ಆಡಿದ ಮಾತು. ಆದರೆ ಉಪಕಾರ ಮಾಡುವುದಕ್ಕೆ ಕೈ ಕಡಿಯುತ್ತಿದ್ದ ನಿವೃತ್ತನೊಬ್ಬನಿಗೆ ಅಷ್ಟೇ ಸಾಕಾಯಿತು.

ಮೈಸೂರಿನಿಂದ ಎರಡು ರೋಟಾಮೀಟರು ತಂದು ಕವಲಿಗೊಂದರಂತೆ ಕೂರಿಸಿದೆ. ಬೋರಿನ ಮರಳು ಬುಗುರಿಗೆ ಸಿಕ್ಕಿಕೊಳ್ಳದಿರಲೆಂದು ಮೊದಲಿಗೆ ಜಾಲರಿಯ ಫಿಲ್ಟರು, ಪೈಪಿನ ಭಾರ ಕೊಳವೆಯ ಮೇಲೆ ಬೀಳದಿರಲೆಂದು ಕಬ್ಬಿಣದ ಆಸರೆ, ದಾರಕ್ಕೊಂದು ನಟ್ಟು ಕಟ್ಟಿ ತೂಗುಬಿಟ್ಟು ಲಂಬದ ಪರೀಕ್ಷೆ. ವಾಲ್ವನ್ನು ಮೆಲ್ಲಗೆ ತೆರೆಯದಿದ್ದರೆ ಬುಗುರಿ ಚಿಮ್ಮಿ ಮೇಲ್ತುದಿಗೆ ಬಡಿಯುತ್ತದೆಂದು ಇಬ್ಬರಿಗೂ ಪಾಠ ಹೇಳಿದೆ. ಮೋಟಾರು ಹಾಕಿದಾಗ ಎರಡು ಬುಗುರಿಗಳೂ ಎದ್ದು, ಸ್ವಲ್ಪ ಹೊತ್ತು ಓಲಾಡಿ, ನಾನು ವಾಲ್ವುಗಳನ್ನು ಹೊಂದಿಸಿದಂತೆ ಒಂದೇ ಗೆರೆಯಲ್ಲಿ ನಿಂತವು. ನೋಡಲು ನೆರೆದಿದ್ದವರಲ್ಲಿ ಒಬ್ಬ ಅಜ್ಜಿ ಕೈಮುಗಿದೂ ಬಿಟ್ಟಳು. ಅಣ್ಣ ತಮ್ಮ ಅಕ್ಕಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಣ್ಣನ್ನು ಸಮಕ್ಕಿಳಿಸಿ, ಎರಡನ್ನೂ ಓದಿ, ಮಾತಿಲ್ಲದೆ ಎದ್ದರು. ಆ ಮೌನವನ್ನು ನಾನು ನನ್ನ ದಿಗ್ವಿಜಯವೆಂದೇ ಓದಿಕೊಂಡೆ. ಮೀಟರು ಓದುವುದರಲ್ಲಿ ಎಂದೂ ತಪ್ಪದವನು ಮನುಷ್ಯರನ್ನು ಓದುವಾಗ ಎಡವಿದೆ.

ನಂಜನಗೂಡಿನ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು ಹಿಂದೆ ತೂಕದ ಮೇಲೆ ನಾಲ್ಕು ಕಾಯಿ ಕೊಸರು ಹಾಕುತ್ತಿದ್ದರು, ಕೊಸರು ಕೇಳುವ ನೆಪದಲ್ಲಿ ನಾವು ಅವರ ಕ್ಷೇಮಸಮಾಚಾರವನ್ನೂ ಕೇಳುತ್ತಿದ್ದೆವು. ಈಗ ತಕ್ಕಡಿಯ ಜಾಗಕ್ಕೆ ಅಂಕಿ ಮಿನುಗುವ ಯಂತ್ರ ಬಂದಿದೆ. ಅದು ತೋರಿಸಿದ್ದನ್ನು ಕೊಟ್ಟು, ಕೊಟ್ಟದ್ದನ್ನು ಚೀಲಕ್ಕೆ ತುಂಬಿಕೊಂಡು ಬರುತ್ತೇವೆ. ಯಾರಿಗೂ ಮೋಸವಿಲ್ಲ. ಆದರೆ ಮಾರುವಾಕೆಯ ಹೆಸರು ಈಗ ನನಗೆ ಗೊತ್ತಿಲ್ಲ. ಹೆಮ್ಮರಗಾಲದಲ್ಲೂ ಇದೇ ಆಯಿತು. ಅಳತೆ ಖಚಿತವಾದ ಮೇಲೆ ಇಬ್ಬರೂ ಒಟ್ಟಿಗೆ ನಿಲ್ಲುವ ಅಗತ್ಯವೇ ಉಳಿಯಲಿಲ್ಲ. ಕರೆಂಟು ಬಂದರೆ ಮೋಟಾರು ತಾನಾಗಿ ಓಡುವಂತೆ ಸಿದ್ದರಾಜು ಆಟೋ ಸ್ಟಾರ್ಟರು ಹಾಕಿಸಿದ. ಅವನು ಬಂದು ಬುಗುರಿ ನೋಡಿ ಹೋದ ಮೇಲೆ ಭಾವ ಬರುವರು, ಭಾವ ಹೋದ ಮೇಲೆ ಅವನು.

"ಜಗಳ ನಿಂತೋಯ್ತು ಕಣೋ," ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ಬೀಗುವುದಕ್ಕೆ ಸಿದ್ಧನಾಗುತ್ತಿದ್ದಂತೆ, "ಮಾತೂ ನಿಂತೋಯ್ತು," ಎಂದಳು.

ನಾನು ಅದನ್ನು ಹಗುರವಾಗಿ ತೆಗೆದುಕೊಂಡೆ. ಹಗುರವಲ್ಲವೆಂದು ತಿಳಿದದ್ದು ಪವಿತ್ರಳ ಮದುವೆಯ ಕಾಗದ ಬಂದಾಗ. ಸಿದ್ದರಾಜು ಹೆಂಡತಿಯೊಡನೆ ಬಂದು, ಗೋಡೆಯಾಚೆಯ ಸ್ವಂತ ಅಣ್ಣನ ಮನೆಯ ಜಗಲಿಯಲ್ಲಿ ನಿಂತು, ತಟ್ಟೆಯಲ್ಲಿ ಅರಿಸಿನ ಕುಂಕುಮವಿಟ್ಟು ಊರವರಿಗೆ ಕೊಟ್ಟಂತೆಯೇ ಲಗ್ನಪತ್ರಿಕೆ ಕೊಟ್ಟು ಹೋಗಿದ್ದ. ಬಂದ ಗಂಡುಗಳನ್ನೆಲ್ಲ ಬೋರಿನ ಬಳಿ ನಿಂತು ಒಬ್ಬೊಬ್ಬರನ್ನಾಗಿ ತಳ್ಳಿಹಾಕುತ್ತಿದ್ದ ದೊಡ್ಡಪ್ಪ, ಒಪ್ಪಿಗೆಯಾದವನ ಹೆಸರನ್ನು ಅಚ್ಚಾದ ಮೇಲೆ ಓದಿದರು. ಹೇಳಬಾರದೆಂದು ತಮ್ಮನೇನೂ ಮುಚ್ಚಿಟ್ಟಿರಲಿಲ್ಲ. ಹೇಳುವುದಕ್ಕೆ ಒಂದು ಹೊತ್ತು, ಒಂದು ಜಾಗ ಇತ್ತಲ್ಲ, ಅದು ಇಲ್ಲವಾಗಿತ್ತು.

ಹುಡುಗ ಹೆಮ್ಮಿಗೆಯವನು, ಮದುವೆ ತಿ. ನರಸೀಪುರದ ಛತ್ರದಲ್ಲಿ. ಧಾರೆಯ ಹೊತ್ತಿನಲ್ಲಿ ಮಂಟಪದ ಮೇಲೆ ನಿಂತು ಎಲ್ಲರ ಮೇಲೂ ರೇಗುತ್ತಿರಬೇಕಾಗಿದ್ದ ಭಾವ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಗಂಡಿನ್ ಅಪ್ಪ ಏನ್ ಕೆಲ್ಸದಲ್ಲವ್ನೆ, ನಿಂಗೇನಾರ ಗೊತ್ತಾ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಹಿಂದಿನ ಸಾಲಿನವರನ್ನು ವಿಚಾರಿಸಿ ಹೇಳಿದೆ. ಹೇಳುವಾಗ ನನಗೆ ಆದ ಸಂಕಟವನ್ನು ಯಾವ ಗೆರೆಯಲ್ಲಿ ಓದಬೇಕೋ ತಿಳಿಯಲಿಲ್ಲ. ಅಂದಿನ ಮದುವೆ ಊಟದಲ್ಲಿ ಏನೇನಿತ್ತೆಂದು ಕೇಳಿದರೆ ಈಗಲೂ ನನಗೆ ನೆನಪಿಲ್ಲ. ನನ್ನನ್ನು ಬಲ್ಲವರಿಗೆ ಇದರ ಗಾಂಭೀರ್ಯ ಅರ್ಥವಾದೀತು.

ಮದುವೆ ಕಳೆದ ಕೆಲವು ವಾರಗಳಿಗೆ, ಮೀಟರುಗಳ ಸರ್ವೀಸು ಎಂಬ ನೆಪ ಹೊತ್ತು ಹೆಮ್ಮರಗಾಲದ ಬಸ್ಸು ಹತ್ತಿದೆ. ನೆಪ ಪೂರ್ತಿ ಸುಳ್ಳೇನೂ ಅಲ್ಲ. ಬೋರಿನ ಗಡಸು ನೀರು ಕೊಳವೆಗಳ ಒಳಗೆ ಸುಣ್ಣ ಕಟ್ಟಿಸಿತ್ತು, ಕಬ್ಬಿಣದ ಕಂದು ಬಣ್ಣ ಗೆರೆಗಳನ್ನು ನುಂಗಿತ್ತು. ಇಂಥದನ್ನು ಬಿಚ್ಚಿ, ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿದರೆ ಒಂದು ಮಧ್ಯಾಹ್ನದ ಕೆಲಸ. ನಾನು ಮಾತ್ರ ವೈದ್ಯರ ಮುಖ ಮಾಡಿಕೊಂಡು, ಎರಡನ್ನೂ ಕಳಚಿ ಚೀಲಕ್ಕೆ ಹಾಕಿ, ಅವುಗಳ ಜಾಗಕ್ಕೆ ಬರಿಯ ಪೈಪಿನ ತುಂಡುಗಳನ್ನು ಸೇರಿಸಿ, ರಿಪೇರಿಗೆ ಬಹಳ ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಹಿಂದಿನಂತೆ ಅಂದಾಜಿನಲ್ಲೇ ಹಂಚಿಕೊಳ್ಳಬೇಕು ಎಂದು ಇಬ್ಬರಿಗೂ ಸಾರಿದೆ. ಆ ಮೀಟರುಗಳು ಮತ್ತೆ ಹೆಮ್ಮರಗಾಲದ ದಾರಿ ಕಾಣದಂತೆ ನೋಡಿಕೊಳ್ಳುವುದು ನನ್ನ ಸಂಕಲ್ಪ.

"ತೊಂದ್ರೆ ಇಲ್ಲ ಬುಡಿ ಬಾವ," ಎಂದ ಸಿದ್ದರಾಜು. "ಪವಿತ್ರ ಬುಟ್ಟೋಗಿದ್ದ ಉಗ್ರು ಬಣ್ಣ ಇತ್ತು, ಗುರ್ತು ಹಾಕ್ಬುಟ್ಟಿವ್ನಿ." ಬಗ್ಗಿ ನೋಡಿದೆ. ಎರಡು ವಾಲ್ವುಗಳ ಮೈಮೇಲೂ, ಹಿಡಿ ಎಲ್ಲಿ ನಿಲ್ಲಬೇಕೋ ಅಲ್ಲಿ, ಕೆಂಪಾದ ಒಂದೊಂದು ತೆಳು ಗೆರೆ. ಇಷ್ಟು ದಿನ ಬುಗುರಿಯನ್ನು ನೋಡಿ ನೋಡಿ ಸರಿಪಡಿಸಿದ ಜಾಗ ಅದು. ಅವರಿಗೆ ಇನ್ನು ನನ್ನ ಮೀಟರುಗಳ ಹಂಗೂ ಬೇಕಾಗಿರಲಿಲ್ಲ.

ಅವನು ಅರಿಸಿನದ ಕಡೆಗೆ ಹೋದ ಮೇಲೆ ನಾನು ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದೆ. ಭಾವನ ವಾಲ್ವಿನ ಹಿಡಿಯನ್ನು ಗುರುತಿನಿಂದ ಈಚೆಗೆ ಜಗ್ಗಿ, ನೀರನ್ನು ಬೇಕೆಂದೇ ಅನ್ಯಾಯವಾಗಿ ತಮ್ಮನ ಕಡೆಗೆ ತಿರುಗಿಸಿ, ಕಳ್ಳನಂತೆ ಮೋಟಾರು ಗೂಡಿನ ನೆರಳಿಗೆ ಸರಿದೆ. ಬಾಳೆಯ ಪಾತಿಯಲ್ಲಿ ನೀರು ಸಣ್ಣಗಾಯಿತು. ಭಾವ ಗುದ್ದಲಿ ಹಿಡಿದು ಬಂದರು. ಈಗ ರೇಗುತ್ತಾರೆ, ಈಗ ತಮ್ಮನ ಹೆಸರು ಹಿಡಿದು ಕೂಗುತ್ತಾರೆ ಎಂದು ನಾನು ಕಾದೆ. ಅವರು ಬಗ್ಗಿ, ಹಿಡಿಯನ್ನು ಕೆಂಪು ಗೆರೆಗೆ ತಂದು ನಿಲ್ಲಿಸಿ, ಟವೆಲ್ಲಿಗೆ ಕೈ ಒರೆಸಿಕೊಂಡರು. ಅತ್ತ ಅರಿಸಿನದ ಸಾಲಿನಲ್ಲಿ ಸಿದ್ದರಾಜು ಒಮ್ಮೆ ತಲೆಯೆತ್ತಿ, ಕಡಿಮೆಯಾದ ನೀರನ್ನು ನೋಡಿ, ಏನೂ ಕೇಳದೆ ಮತ್ತೆ ಕೆಲಸಕ್ಕೆ ಬಗ್ಗಿದ.

"ಇಲ್ಲಿ ನಿಂತ್ಕೊಂಡು ಏನ್ ಮಾಡೀಯೆ, ನೀರು ಅದ್ರ ಪಾಡ್ಗೆ ಅದು ಓಯ್ತದೆ. ನಡಿ, ಊಟ ಮಾಡವ," ಎಂದರು ಭಾವ, ನೆರಳಿನಲ್ಲಿದ್ದ ನನ್ನ ಕಡೆ ತಿರುಗಿ.