ಚಾಪೆಲ್‌ನಲ್ಲಿ ಪ್ಲಾಸ್ಟಿಕ್ ತೆನೆ

ಒಂದು ಜೋಳದ ತೆನೆಯಿಂದ ಏನೇನು ಅನಾಹುತ ಆಗಬಹುದು? ಕಿತ್ತೂರು ಕಡೆಯ ಆ ಖಾಸಗಿ ಮ್ಯೂಸಿಯಂನ ಗಾರ್ಡ್‌ನನ್ನು ಕೇಳಿ. ಕಳೆದ ಭಾನುವಾರ ಎಸ್ತೇರಕ್ಕನ ಕೈಯಲ್ಲಿ ಅದನ್ನು ಕಂಡದ್ದೇ ತಡ, ಬಾಂಬ್ ಕಂಡವನಂತೆ ಸೀಟಿ ಊದಿದ.

"ಆಯಿ, ತಿನ್ನೂ ಸಾಮಾನು ಒಳಗ ಒಯ್ಯೂ ಹಂಗಿಲ್ಲರಿ!"

"ತಿನ್ನಾಕಲ್ಲೋ ತಮ್ಮಾ. ದೇವರಿಗೆ."

ಎಸ್ತೇರಕ್ಕ ನಮ್ಮೂರಿನವರು, ಬೈಲಹೊಂಗಲ ತಾಲ್ಲೂಕು. ಅವರ ಕೇರಿಯಲ್ಲಿ ಒಂದು ಪುಟ್ಟ ಮೆಥೊಡಿಸ್ಟ್ ಚಾಪೆಲ್ ಇತ್ತು. ಯಾರೋ ಪಾದ್ರಿ ನಕ್ಷೆ ಕೊಟ್ಟರು. ಕೇರಿಯವರ ಅಜ್ಜಂದಿರು ಹೊಲದ ಕೆಲಸ ಮುಗಿಸಿ ಬಂದು, ಕಲ್ಲು ಹೊತ್ತು ಕಟ್ಟಿದರು. ಪ್ರತಿ ಸುಗ್ಗಿಯಲ್ಲೂ ಮೊದಲ ತೆನೆ ಅಲ್ಲಿಗೆ ಹೋಗಬೇಕು, ಆಮೇಲೆಯೇ ಮನೆಯಲ್ಲಿ ಹೊಸ ಜೋಳದ ರೊಟ್ಟಿ. ಸೊಸೆಯಾಗಿ ಬಂದಾಗಿನಿಂದ ಎಸ್ತೇರಕ್ಕ ಅದನ್ನು ತಪ್ಪಿಸಿದವರಲ್ಲ.

ರಸ್ತೆ ಅಗಲ ಮಾಡುವಾಗ ಚಾಪೆಲ್ ಅಡ್ಡ ಬಂತು. ಮ್ಯೂಸಿಯಂನವರು ಓಡಿ ಬಂದರು. "ಒಂದೊಂದು ಕಲ್ಲಿಗೂ ನಂಬರ್ ಹಾಕಿ, ನಮ್ಮ ಮ್ಯೂಸಿಯಂನ್ಯಾಗ ಹೆಂಗಿತ್ತೋ ಹಂಗ ನಿಲ್ಲಿಸ್ತೀವ್ರಿ" ಅಂದರು. ಕೇರಿಯವರು ಕಣ್ಣೊರೆಸಿಕೊಂಡು ಕಳಿಸಿಕೊಟ್ಟರು. ಈಗ ಅವರ ಪ್ರಾರ್ಥನೆ ತಗಡಿನ ಶೆಡ್‌ನಲ್ಲಿ. (ಶೆಡ್‌ಗೆ ನಂಬರ್ ಹಾಕಲು ಇನ್ನೂ ಯಾರೂ ಬಂದಿಲ್ಲ.) ಈ ಸಲದ ಮೊದಲ ತೆನೆಯನ್ನು ಚಾಪೆಲ್‌ನ ಹಳೆಯ ಪೀಠದ ಮೇಲೆಯೇ ಇಡಬೇಕೆಂದು ಎಸ್ತೇರಕ್ಕ ಹಟ ಹಿಡಿದರು. ಅದಕ್ಕೇ ನಾನು ಬೈಕ್ ತೆಗೆದದ್ದು.

ತೆನೆಯನ್ನು ಗಾರ್ಡ್‌ಗೆ ಒಪ್ಪಿಸಿ ಒಳಗೆ ಹೋದೆವು. ಎಸ್ತೇರಕ್ಕ ಅಭ್ಯಾಸದಂತೆ ಚಾಪೆಲ್ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಒಳಗೆ ಶೂ ಹಾಕಿದವರ ಸೆಲ್ಫಿ ನಡೆದಿತ್ತು. ಸಾಲಾಗಿ ಬೆಂಚುಗಳು ಬೇರೆ! ಜಮಖಾನೆ ಹಾಸಿ ನೆಲದ ಮೇಲೆ ಕೂರುತ್ತಿದ್ದವರ ಗುಡಿಗೆ ಬೆಂಚು ಎಲ್ಲಿಂದ ಬಂತು? ಯಾವುದೋ ಇಂಗ್ಲಿಷ್ ಸಿನಿಮಾ ನೋಡಿ ತಂದಿರಬೇಕು.

ಪೀಠದ ಮೇಲೆ ಗಾಜಿನ ಪೆಟ್ಟಿಗೆ. ಅದರೊಳಗೆ ಪ್ಲಾಸ್ಟಿಕ್ ತೆನೆ. ಅದೂ ಗೋಧಿಯದು! ಪಕ್ಕದಲ್ಲಿ ಬೋರ್ಡ್: 'ಇಲ್ಲಿನ ಭಕ್ತರು ಮೊದಲ ಬೆಳೆಯನ್ನು ಅರ್ಪಿಸುತ್ತಿದ್ದರು.' ಅರ್ಪಿಸುತ್ತಿದ್ದರಂತೆ! ಅರ್ಪಿಸುವವರು ಬರಿಗೈಯಲ್ಲಿ ಎದುರಿಗೇ ನಿಂತಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಎಸ್ತೇರಕ್ಕ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಮ್ಯಾನೇಜರ್ ದೌಡಾಯಿಸಿ ಬಂದ.

"ಪ್ರಾರ್ಥನಾ ಅಲೌ ಇಲ್ಲರಿ ಅಮ್ಮಾರ. ಇದು ಎಗ್ಜಿಬಿಟ್ ಐತಿ."

ಅಷ್ಟರಲ್ಲಿ ಅವರ ಇಳಕಲ್ ಸೀರೆ ಅವನ ಕಣ್ಣಿಗೆ ಬಿತ್ತು. ಮುಖ ಅರಳಿತು.

"ಹಿಂಗ ಮಾಡ್ರಿ. ಪ್ರತಿ ಸಂಡೆ ಇದ ಸೀರಿ ಉಟ್ಕೊಂಡು ಬರ್ರಿ. ಕೈಯಾಗ ತೆನಿ ಹಿಡಕೊಂಡು, ಕಣ್ಣು ಮುಚ್ಚಿ ಸುಮ್ಮನ ಕುಂದರ್ರಿ. ಮಂದಿ ಫೋಟೋ ತಗೀತಾರ."

"ತೆನಿ ನಂದು ತರಲೇನು?"

"ಬ್ಯಾಡ್ರಿ. ನಮ್ಮದೈತಲ್ಲ, ಪ್ಲಾಸ್ಟಿಕ್ಕಿಂದು."

ಎಸ್ತೇರಕ್ಕ ಎದ್ದರು. ಗೇಟಿನಲ್ಲಿ ತಮ್ಮ ತೆನೆ ಇಸಿದುಕೊಂಡು, ಸೆರಗಿನಿಂದ ಒರೆಸಿ, "ನಡೀಪಾ, ಶೆಡ್ಡಿನಾಗ ಇಡೂಣು. ಮನ್ಯಾಗ ಇನ್ನ ರೊಟ್ಟಿ ಬಡೀಬೇಕು" ಅಂದರು.

ಪ್ರಾರ್ಥನೆಯ ವೇಷಕ್ಕೆ ಒಳಗೆ ಜಾಗ, ಪ್ರಾರ್ಥನೆಗೆ ಗೇಟಿನ ಹೊರಗೆ: ಇದಕ್ಕೂ ಸಂರಕ್ಷಣೆ ಅಂತ ಹೆಸರೇ?