ಅಜ್ಜಿಯ ಅಂಗಳಕ್ಕೆ ನುಗ್ಗಿದ ಕ್ಯಾಮೆರಾ

2007ರಲ್ಲಿ ನಿಂಬೆ ಬೆಳೆಗಾರರ ತಂಡದೊಂದಿಗೆ ನಾನೂ ನನ್ನ ಗಂಡನೂ ಚೀನಾ ಪ್ರವಾಸಕ್ಕೆ ಹೋಗಿದ್ದೆವು. ನಮ್ಮದು ಇಂಡಿ ತಾಲ್ಲೂಕಿನ ಅಗರಖೇಡ. ತಂಡದ ಮುಂದಾಳು ಮುದ್ದೇಬಿಹಾಳ ಕಡೆಯ ಒಬ್ಬ ಗೌಡರು. ಪ್ರವಾಸಕ್ಕೆಂದೇ ಹೊಸ ವಿಡಿಯೊ ಕ್ಯಾಮೆರಾ ಕೊಂಡಿದ್ದರು.

ಕೊನೆಯ ದಿನ ಬೀಜಿಂಗಿನ ಹಳೆಯ ಓಣಿಗಳಿಗೆ ಹೋದೆವು. ಸುತ್ತಲೂ ದೊಡ್ಡ ಕಟ್ಟಡಗಳು ಎದ್ದರೂ ಈ ಓಣಿಗಳನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಬೂದು ಇಟ್ಟಿಗೆಯ ಗೋಡೆ, ಕೆಂಪು ಬಾಗಿಲು, ನಡುವೆ ಅಂಗಳ, ನಾಲ್ಕೂ ಕಡೆ ಕೋಣೆಗಳು. ಹಿಂದಿ ಬಲ್ಲ ಗೈಡ್ ಹುಡುಗಿ ಮೊದಲೇ ಹೇಳಿದ್ದಳು, ಇಲ್ಲಿ ಸಂಸಾರಗಳಿವೆ, ತಾನು ತೋರಿಸಿದ ಮನೆಗೆ ಮಾತ್ರ ಹೋಗಬೇಕು ಎಂದು.

ಅವಳು ಮುಂದೆ ಹೋಗಿದ್ದಳು. ಗೌಡರು ಅರ್ಧ ತೆರೆದಿದ್ದ ಬಾಗಿಲೊಂದನ್ನು ದೂಡಿ ಒಳಗೆ ನಡೆದೇಬಿಟ್ಟರು. ಅವರನ್ನು ಕರೆತರಲು ನಾನೂ ಹಿಂದೆ ಹೋದೆ. ಅಂಗಳದಲ್ಲಿ ಒಬ್ಬ ಅಜ್ಜಿ ಒಳಅಂಗಿಯಲ್ಲಿ ಕೂತು, ಬೋಗುಣಿಯ ಮೇಲೆ ಬಗ್ಗಿ ತಲೆ ತೊಳೆಯುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ ಟವೆಲ್ಲಿಗಾಗಿ ತಡಕಾಡಿದಳು. ಗೌಡರು ನಗುತ್ತಾ ಶೂಟಿಂಗ್ ಮಾಡುತ್ತಲೇ ಇದ್ದರು.

ನಾನು ಅಡ್ಡ ನಿಂತೆ. "ಗೌಡ್ರ, ಕ್ಯಾಮೆರಾ ಇಳಸ್ರಿ. ನಿಮ್ಮವ್ವ ತಲಿ ತೊಳಕೊಳ್ಳುವಾಗ ಯಾರರ ಹಿಂಗ ಬಂದಿದ್ರ ಸುಮ್ಮನಿರ್ತಿದ್ರೇನು?"

"ಇದು ಮಂದಿ ನೋಡ್ಲಿ ಅಂತನ ಇಟ್ಟ ಓಣಿ ಐತಿ ತಂಗಿ. ರೊಕ್ಕ ಕೊಟ್ಟು ನೋಡಾಕ ಬಂದೇವಿ."

"ಗ್ವಾಡಿ ನೋಡ್ರಿ, ಬಾಗಿಲಾ ನೋಡ್ರಿ. ಈಕಿ ನೋಡೋ ವಸ್ತು ಅಲ್ಲ."

ಗದ್ದಲ ಕೇಳಿ ಗೈಡ್ ಓಡಿ ಬಂದು ನಮ್ಮನ್ನು ಹೊರಗೆ ಕರೆತಂದಳು. ಹಿಂದೆಯೇ ಬಾಗಿಲ ಚಿಲಕ ಬಿತ್ತು. ಆ ಚಿತ್ರ ಅಳಿಸುವವರೆಗೂ ಬಸ್ಸು ಹತ್ತುವುದಿಲ್ಲ ಎಂದು ನಾನು ರಸ್ತೆಯಲ್ಲೇ ನಿಂತೆ. ತಂಡದವರಿಗೆ ನನ್ನ ಮೇಲೆಯೇ ಸಿಟ್ಟು. "ಸಣ್ಣ ಮಾತಿಗೆ ಇಷ್ಟ್ಯಾಕ ಹಟ ಮಾಡ್ತಿ, ಬಾ," ಎಂದು ಗಂಡ ಕೂಡ ಗದರಿದರು. ನಾನು ಕದಲಲಿಲ್ಲ. ಕೊನೆಗೆ ಗೌಡರು ಟೇಪು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಬಸ್ಸಿನ ಚಿತ್ರ ತೆಗೆದರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದನ್ನು ಕಣ್ಣಾರೆ ನೋಡಿದ ಮೇಲೆ ಬಸ್ಸು ಹತ್ತಿದೆ.

ಊರಿಗೆ ಬಂದಾಗಿನಿಂದ ಗೌಡರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ, ಅದರ ಚಿಂತೆ ನನಗಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. "ತಪ್ಪಾಯಿತು ಅಂತ ಅಜ್ಜಿಗೆ ಹೇಳು," ಎಂದು ಗೈಡ್‌ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಗೌಡರೊಡನೆ ಜಗಳಾಡುವ ಭರದಲ್ಲಿ ನಾನೇ ಅದನ್ನು ಮರೆತೆ.