ಹತ್ತು ಸೀಟು, ಒಂದಚ್ಚು ಬೆಲ್ಲ

ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು ಅನ್ನುವುದು ನಮ್ಮತ್ತೆ ಕಲಿಸಿದ ಪಾಠ. ಪಕ್ಕದ ಮನೆಯಿಂದ ಇಡ್ಲಿ ಪಾತ್ರೆ ತಂದರೂ ಸರಿಯೇ, ಕೊಡುವಾಗ ಒಳಗೆ ಒಂದು ಹಿಡಿ ಅಕ್ಕಿಯೋ ಒಂದಚ್ಚು ಬೆಲ್ಲವೋ ಇರಲೇಬೇಕು. ಈ ಪಾಠವನ್ನು ಶ್ರದ್ಧೆಯಿಂದ ಪಾಲಿಸಲು ಹೋಗಿಯೇ ನಾನು ನಮ್ಮ ಟ್ರಸ್ಟಿನಲ್ಲಿ ನಗೆಪಾಟಲಾದದ್ದು.

ಶಿಡ್ಲಘಟ್ಟದಲ್ಲಿ ನಮ್ಮದು ಪುಟ್ಟ ಟ್ರಸ್ಟು. ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಶೆಡ್ಡೇ ಈಗ ಆಫೀಸು. ಮಳೆ ಬಿದ್ದ ದಿನ ಗೋಡೆಯಿಂದ ಇನ್ನೂ ಗೂಡು ಬೇಯಿಸಿದ ವಾಸನೆ ಏಳುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದ ಹಿರಿಯರ ಪಟ್ಟಿ ಮಾಡಿ, ಫೋನ್ ಮಾಡಿ, ಆಪರೇಷನ್ನಿಗೆ ಕರೆದೊಯ್ಯುವ ಬಸ್ಸು ಹತ್ತಿಸುವುದು ನಮ್ಮ ಕೆಲಸ. ಪೂಜೆ, ಅಡುಗೆ ಮುಗಿಸಿ ನಾವು ಐದಾರು ಹೆಂಗಸರು ಮಧ್ಯಾಹ್ನ ಹೋಗಿ ಕೂರುತ್ತೇವೆ. ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಅಲ್ಲಿರುವುದೆಲ್ಲ ಯಾರೋ ಪುಣ್ಯಾತ್ಮರು ಕೊಟ್ಟದ್ದೇ. ಹತ್ತು ನೀಲಿ ಪ್ಲಾಸ್ಟಿಕ್ ಕುರ್ಚಿ ಒಬ್ಬರದು, ಕಂಪ್ಯೂಟರ್ ಇನ್ನೊಬ್ಬರದು. ಅದರೊಳಗಿನ ಸಾಫ್ಟ್‌ವೇರನ್ನು ಹೊರದೇಶದ ಕಂಪನಿಯೊಂದು ಧರ್ಮಕ್ಕೆ ಕೊಟ್ಟಿತ್ತು.

ಮೇಷ್ಟ್ರು ಮದುವೆಗೆಂದು ಗೌರಿಬಿದನೂರಿಗೆ ಹೋಗಿದ್ದಾಗ ಇಂಗ್ಲಿಷಿನಲ್ಲೊಂದು ಮೇಲ್ ಬಂತು. ಹೈಸ್ಕೂಲು ಮುಗಿಸಿದವಳೆಂಬ ಧೈರ್ಯದಲ್ಲಿ ನಾನೇ ಓದಿದೆ. ನೀವು ಉಚಿತವಾಗಿ ಬಳಸುತ್ತಿರುವ ಹತ್ತು ಸೀಟುಗಳನ್ನು ಒಂದನೇ ತಾರೀಖಿನಿಂದ ವಾಪಸು ಪಡೆಯುತ್ತೇವೆ ಅಂತಿತ್ತು.

ನನ್ನ ಜೊತೆ ಕೂರುವವರು ಚಿಂತಾಮಣಿ ಊರಿನವರು, ನಮಗೆಲ್ಲ ಚಿಂತಾಮಣಿ ಅಕ್ಕ. ಅವರ ಬಾಯಲ್ಲಿ ಕನ್ನಡದ ಜೊತೆ ತೆಲುಗೂ ಬರುತ್ತದೆ. "ಅಯ್ಯೋ ದೇವುಡಾ! ಕೂತಿರೋ ಕುರ್ಚೀನೇ ಕಿತ್ಕೊಳ್ತಾರಾ?" ಅಂದರು.

"ಇಷ್ಟು ದಿನ ಕೂರಿಸಿದ್ರಲ್ಲಕ್ಕ. ಕೇಳಿದ್ರೆ ಮರ್ಯಾದೆಯಾಗಿ ಕೊಟ್ಬಿಡೋಣ," ಅಂದೆ.

ಹತ್ತೂ ಕುರ್ಚಿಗಳನ್ನು ತೆಂಗಿನ ನಾರು ಹಾಕಿ ಉಜ್ಜಿ ತೊಳೆದೆವು. ಬರಿದಾಗಿ ಕಳಿಸಬಾರದಲ್ಲ! ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ವೀಳ್ಯದೆಲೆಯ ಮೇಲೆ ಒಂದೊಂದು ಅಚ್ಚು ಬೆಲ್ಲ ಇಟ್ಟು, ಸಾಲಾಗಿ ಜೋಡಿಸಿದೆವು. ವಾಪಸು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಏನಮ್ಮ ಇದು, ಆಯುಧಪೂಜೆ ಈಗಲೇ ಮುಗಿಸಿಬಿಟ್ರಾ?"

ವಿಷಯ ಹೇಳಿ ಮೇಲ್ ತೋರಿಸಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಸೀಟು ಅಂದ್ರೆ ಕುರ್ಚಿ ಅಲ್ಲ ಕಣಮ್ಮ. ಆ ಸಾಫ್ಟ್‌ವೇರನ್ನ ಎಷ್ಟು ಜನ ಬಳಸಬಹುದು ಅನ್ನೋದಕ್ಕೆ ಅವರು ಇಟ್ಟಿರೋ ಹೆಸರು." ಹಾಗಂದವರೇ ಮತ್ತೊಮ್ಮೆ ಓದಿ ಕ್ಯಾಲೆಂಡರ್ ನೋಡಿದರು. ನಮ್ಮ ಪಟ್ಟಿ ಇದ್ದದ್ದು ಆ ಸಾಫ್ಟ್‌ವೇರಿನಲ್ಲೇ. ಬಸ್ಸು ಬರುವುದು ಐದನೇ ತಾರೀಖು.

ನನಗೆ ತಕ್ಷಣ ನೆನಪಾದದ್ದು ಸಾದಲಿ ಕಡೆಯ ಒಬ್ಬ ಅಜ್ಜಿ. ಎರಡೂ ಕಣ್ಣಿಗೆ ಪೊರೆ. ಎರಡು ಸಲ ಬಸ್ಸು ಹತ್ತಿ ಹೋಗಿ, ಸಕ್ಕರೆ ಜಾಸ್ತಿಯಿದೆ ಎಂದು ಹಾಗೇ ವಾಪಸು ಬಂದಿದ್ದರು. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆ. ಹುಳ ಹಣ್ಣಾದಾಗ ಮೈ ಹಳದಿಯಾಗಿ ಹೊಳೆಯುತ್ತದೆ. ಅಂಥದ್ದನ್ನು ನೋಡಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. "ಹಸೀದು ಯಾವ್ದು ಹಣ್ಣು ಯಾವ್ದು ತಿಳಿಯಾಕಿಲ್ಲ ಕಣಮ್ಮ. ಸೊಸೆ ನನ್ನ ಕೈಯಿಂದ ಹುಳದ ತಟ್ಟೆ ಕಿತ್ಕೊಂಡು, ನೀನು ಹೋಗಿ ಕೂತ್ಕೋ ಅಂತಾಳೆ," ಅಂದಿದ್ದರು. ಊಟ ಬಟ್ಟೆಗೆ ಕೊರತೆಯಿಲ್ಲ. ಆದರೆ ಆ 'ಕೂತ್ಕೋ' ಅನ್ನುವ ಮಾತು ಅವರನ್ನು ತಿನ್ನುತ್ತಿತ್ತು. ಈ ಸಲ ನಿಮ್ಮ ಸರದಿ ತಪ್ಪಿಸೋದಿಲ್ಲ ಅಂತ ದೇವರ ಆಣೆ ಮಾಡಿ ಹೇಳಿದವಳು ನಾನು.

ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಬೇರೊಂದು ಸಾಫ್ಟ್‌ವೇರನ್ನು ಮೇಷ್ಟ್ರು ಹುಡುಕಿ ಹಾಕಿದರು. ಪಟ್ಟಿಯನ್ನು ಅದಕ್ಕೆ ದಾಟಿಸಿಯೂ ಆಯಿತು. ಒಂದನೇ ತಾರೀಖು ದೇವರಿಗೆ ಕೈಮುಗಿದು ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ! ನಾವು ಟೈಪು ಮಾಡಿದ್ದು ಹಳೇ ಕಾಲದ ಕನ್ನಡ ಫಾಂಟಿನಲ್ಲಿ. ಅದು ಹೊಸದಕ್ಕೆ ಅರ್ಥವಾಗದೆ ಹೆಸರು, ಊರು ಎಲ್ಲ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದವು. ಹಳೆಯದನ್ನು ತೆರೆಯೋಣವೆಂದರೆ ಅದಕ್ಕೆ ಆಗಲೇ ಬೀಗ ಬಿದ್ದಿತ್ತು.

ಅಂಕಿಗಳು ಮಾತ್ರ ಹಾಗೇ ಇದ್ದವು. ಅಂದರೆ ಫೋನ್ ನಂಬರುಗಳು! ದೇವರು ಒಂದು ಬಾಗಿಲು ಮುಚ್ಚುವಾಗಲೂ ಚಿಲಕ ಮಾತ್ರ ನಮ್ಮ ಕಡೆಗೇ ಇಟ್ಟಿರುತ್ತಾನೆ.

ತೊಳೆದ ಕುರ್ಚಿಗಳ ಮೇಲೆ ಸಾಲಾಗಿ ಕೂತು, ನಂಬರು ಹಂಚಿಕೊಂಡು ಫೋನ್ ಮಾಡತೊಡಗಿದೆವು. ಚಿಂತಾಮಣಿ ಅಕ್ಕನಿಗೆ ಮೊದಲ ಕರೆಯಲ್ಲೇ ಮಂಗಳಾರತಿ.

"ನೀವ್ಯಾರು ಮಾತಾಡೋದು?" ಅಂತ ಇವರು.

"ಫೋನ್ ಮಾಡಿದೋಳು ನೀನು, ನಾನ್ಯಾರು ಅಂತ ನನ್ನೇ ಕೇಳ್ತೀಯಲ್ಲಮ್ಮ!" ಅಂತ ಆ ಕಡೆಯ ತಾತ.

ನಕ್ಕೂ ನಕ್ಕೂ ಗಂಟಲು ಒಣಗಿದಾಗ ಕೈಗೆ ಸಿಕ್ಕಿದ್ದು ಅದೇ ಬೆಲ್ಲ. ಎರಡು ದಿನದಲ್ಲಿ ಬಹುಪಾಲು ಹೆಸರುಗಳು ತಿರುಗಿ ಬಂದವು. ಅಜ್ಜಿ ಮಾತ್ರ ಸಿಗಲಿಲ್ಲ. ಮೂರನೇ ದಿನ ನಾನು ಮಾಡಿದ ಒಂದು ನಂಬರಿಗೆ, "ಹಾಲಿನ ಡೈರಿ," ಅಂತ ಗಂಡಸಿನ ದನಿ ಬಂತು. ಯಾವ ಊರೆಂದು ಕೇಳಿದೆ. ಸಾದಲಿ ಹತ್ತಿರವೇ! ಅಜ್ಜಿಗೆ ಸ್ವಂತ ಫೋನಿಲ್ಲ, ಡೈರಿಯದನ್ನೇ ಬರೆಸಿದ್ದರೇನೋ. ಹೆಸರು ಹೇಳಿ ಕೇಳೋಣವೆಂದರೆ ನೆನಪಿಲ್ಲ, ನಾನು ಕರೆದದ್ದೆಲ್ಲ ಅಜ್ಜಿ ಅಂತಲೇ.

"ಅಲ್ಲಿ ಕಣ್ಣು ಸರಿಯಾಗಿ ಕಾಣದ ಅಜ್ಜಿ ಒಬ್ರಿದ್ದಾರಲ್ಲಪ್ಪ?"

"ಅಜ್ಜಿಯರು ಬೇಕಾದಷ್ಟು ಅವ್ರೆ. ಯಾವ ಅಜ್ಜಿ?"

"ರೇಷ್ಮೆಹುಳ ಸಾಕೋರು."

"ಊರೆಲ್ಲ ಸಾಕ್ತಾರೆ."

"ಸೊಸೆ ಕೈಲಿ ಬೈಸ್ಕೊಳ್ಳೋರು."

"ಅದೂ ಊರೆಲ್ಲ ಐತೆ ಕಣಮ್ಮ."

"ಹಸೀ ಹುಳಾನ ಚಂದ್ರಿಕೆಗೆ ಬಿಡ್ತಾರಲ್ಲ, ಆ ಅಜ್ಜಿ!"

"ಓ, ಅವ್ರಾ! ಇರಿ, ಕ್ಯಾನ್ ಇಳಿಸಿ ಕರ್ಕೊಂಡು ಬರ್ತೀನಿ."

ಆ ಹತ್ತು ನಿಮಿಷ ಫೋನು ಕಿವಿಗಿಟ್ಟುಕೊಂಡೇ ರಾಮನಾಮ ಹೇಳಿಕೊಂಡೆ. ಅಷ್ಟೂ ಹೊತ್ತು ನೆಟ್‌ವರ್ಕ್ ಹೋಗಲಿಲ್ಲ. ಅದೂ ಒಂದು ಕರುಣೆಯೇ. ಐದನೇ ತಾರೀಖು ಅಜ್ಜಿ ಬಸ್ಸು ಹತ್ತಿದರು. ಸಕ್ಕರೆಯೂ ಹತೋಟಿಯಲ್ಲಿತ್ತು.

ಆ ಕಂಪನಿಯವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಕೊಟ್ಟರಲ್ಲ, ಅದೇನು ಕಡಿಮೆಯೇ? ಒಂದು ಥ್ಯಾಂಕ್ಸ್ ಕಳಿಸಿ ಅಂದೆ. ಮೇಷ್ಟ್ರು ಕಳಿಸಿದರು, ಬೆಲ್ಲ ಮೇಲಿನಲ್ಲಿ ಹೋಗುವುದಿಲ್ಲವೆಂದು ನನ್ನನ್ನು ಕಿಚಾಯಿಸಿದರು. ಈಗ ಹೊಸ ಪಟ್ಟಿಯನ್ನು ಎಲ್ಲ ಕಡೆ ಕಾಣುವ ಕನ್ನಡದಲ್ಲೇ ಟೈಪು ಮಾಡುತ್ತೇನೆ. ಅಜ್ಜಿಯಂಥವರ ಹೆಸರಿನ ಮುಂದೆ ಗುರುತಿಗೆ ಒಂದು ಮಾತನ್ನೂ ಸೇರಿಸುತ್ತೇನೆ.

ಆಪರೇಷನ್ ಆಗಿ ಕೆಲವು ವಾರಗಳ ಮೇಲೆ ಅಜ್ಜಿ ತಾವೇ ಬಸ್ಸಿಳಿದು ಬಂದರು. ಆಸ್ಪತ್ರೆಯ ಕರೀ ಕನ್ನಡಕ ವಾಪಸು ಕೊಡಲಂತೆ. ನನ್ನ ಮುಖವನ್ನೇ ಚೆನ್ನಾಗಿ ದಿಟ್ಟಿಸಿದರು.

"ಫೋನ್ ಮಾಡಿದೋಳು ನೀನೇನಾ? ಫೋನಲ್ಲಿ ಇನ್ನೂ ಸಣ್ಣ ವಯಸ್ಸಿನೋಳ ಹಂಗಿದ್ದೆ!"

"ಕಣ್ಣು ಮಾಡಿಸಿದ್ದು ನಮ್ಮ ತಪ್ಪಾಯ್ತು ಬಿಡಿ," ಅಂದೆ. ಚಿಂತಾಮಣಿ ಅಕ್ಕ ಬಿದ್ದು ಬಿದ್ದು ನಕ್ಕರು.

"ಈ ಸಲ ಹಣ್ಣುಹುಳವೆಲ್ಲ ನಾನೇ ಆರಿಸ್ದೆ ಕಣಮ್ಮ. ಸೊಸೆಗೇ ಕೂತ್ಕೋ ಅಂದೆ," ಅಂದರು ಅಜ್ಜಿ. ಕನ್ನಡಕದ ಡಬ್ಬಿಯನ್ನು ನನ್ನ ಕೈಗಿಟ್ಟರು. ಯಾಕೋ ಭಾರವೆನಿಸಿ ತೆರೆದೆ. ಕನ್ನಡಕದ ಪಕ್ಕದಲ್ಲಿ, ಕಾಗದದಲ್ಲಿ ಸುತ್ತಿದ ಒಂದಚ್ಚು ಬೆಲ್ಲ.

"ಬರೀ ಡಬ್ಬಿ ಕೊಡಬಾರದಲ್ಲ. ನನಗೆ ಸಕ್ಕರೆ, ನೀನಾದ್ರೂ ತಿನ್ನು," ಅಂದು ನೀಲಿ ಕುರ್ಚಿ ಎಳೆದುಕೊಂಡು ಕೂತರು.